ಡಬ್ಬಿ ತರಕಾರಿಗಳಲ್ಲಿ ಅಲರ್ಜಿಕಾರಕಗಳ ಘೋಷಣೆ

ಡಬ್ಬಿ ತರಕಾರಿಗಳಲ್ಲಿ ಅಲರ್ಜಿಕಾರಕಗಳ ಘೋಷಣೆ ಎಂದರೆ ಡಬ್ಬಿ, ಬಾಟಲಿ ಅಥವಾ ಪೊಟ್ಟಣಗಳಲ್ಲಿ ಮಾರಾಟವಾಗುವ ಸಂಸ್ಕರಿತ ತರಕಾರಿಯಲ್ಲಿ ಕೆಲವರ ದೇಹಕ್ಕೆ ಒಗ್ಗದ ಪದಾರ್ಥಗಳಿದ್ದರೆ ಅದನ್ನು ಲೇಬಲ್‌ನಲ್ಲಿ ನಮೂದಿಸುವ ವ್ಯವಸ್ಥೆ. ಭಾರತದಲ್ಲಿ ಇದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಲೇಬಲಿಂಗ್ ಮತ್ತು ಪ್ರದರ್ಶನ) ನಿಯಮಗಳು, 2020ರ ಅಡಿಯಲ್ಲಿ ಕಡ್ಡಾಯವಾಗಿದೆ. ಹೆಸರಾಂತ ಕಂಪನಿಗಳ ಡಬ್ಬಿಗಳಿಗೂ, ದೊಡ್ಡ ಮಳಿಗೆಗಳು ಸ್ವಂತ ಬ್ರಾಂಡ್‌ನಲ್ಲಿ ಕಡಿಮೆ ಬೆಲೆಗೆ ಮಾರುವ ಡಬ್ಬಿಗಳಿಗೂ ಒಂದೇ ನಿಯಮ ಅನ್ವಯಿಸುತ್ತದೆ. ಆದರೆ ಈ ಘೋಷಣೆಯು ಎಲ್ಲ ಅಲರ್ಜಿಕಾರಕಗಳನ್ನೂ ಒಳಗೊಳ್ಳುವುದಿಲ್ಲ.

ಹಿನ್ನೆಲೆ

ಆಹಾರವನ್ನು ಗಾಳಿಯಾಡದ ಪಾತ್ರೆಯಲ್ಲಿ ಮುಚ್ಚಿ ಕಾಯಿಸಿ ಕೆಡದಂತೆ ಇರಿಸುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಪ್ರಕಟಿಸಿದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತವರದ ಡಬ್ಬಿಯನ್ನೂ ಒಳಗೊಂಡ ಪೇಟೆಂಟ್ ಪಡೆದನು. ಕರ್ನಾಟಕದಲ್ಲಿ ಆಹಾರ ಸಂಸ್ಕರಣೆಯ ಸಂಶೋಧನೆಗೆ ಮುಖ್ಯ ನೆಲೆಯಾದುದು 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ.

ಜೋಳ, ಬಟಾಣಿ, ಅಣಬೆ ಮೊದಲಾದ ಹುಳಿ ಕಡಿಮೆಯಿರುವ ತರಕಾರಿಗಳನ್ನು ಡಬ್ಬಿಯಲ್ಲಿ ಒತ್ತಡದ ಹಬೆಯಿಂದ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲಾಗುತ್ತದೆ. ಕೆಡದಂತೆ ಕಾಪಾಡುವುದು ಈ ಶಾಖವೇ. ಆದ್ದರಿಂದ ಸಾದಾ ಡಬ್ಬಿ ತರಕಾರಿಗೆ ನೀರು ಮತ್ತು ಉಪ್ಪು ಸಾಕಾಗುತ್ತದೆ. ಬಣ್ಣ, ಗಟ್ಟಿತನ ಅಥವಾ ರುಚಿಗಾಗಿ ಸೇರಿಸುವ ಇತರ ಪದಾರ್ಥಗಳಿಂದಲೇ ಹೆಚ್ಚಿನ ತೊಡಕು ಉಂಟಾಗುತ್ತದೆ.

ಒಗ್ಗದಿರುವಿಕೆಯ ಬಗೆಗಳು

ಆಹಾರ ಒಗ್ಗದಿರುವುದಕ್ಕೆ ಕಾರಣಗಳು ಬೇರೆ ಬೇರೆ. ಆಹಾರ ಅಲರ್ಜಿಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯು ಆಹಾರದ ಪ್ರೋಟೀನನ್ನು ಅಪಾಯಕಾರಿಯೆಂದು ಪರಿಗಣಿಸಿ ಪ್ರತಿಕ್ರಿಯಿಸುತ್ತದೆ. ಕೆಲವರಲ್ಲಿ ಅಲ್ಪ ಪ್ರಮಾಣವೂ ಪ್ರಾಣಾಪಾಯ ತರಬಲ್ಲದು. ಸೀಲಿಯಾಕ್ ಕಾಯಿಲೆಯಲ್ಲಿ ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟೆನ್‌ನಿಂದಾಗಿ ಸಣ್ಣ ಕರುಳಿನ ಒಳಪದರಕ್ಕೆ ಹಾನಿಯಾಗುತ್ತದೆ. ಲ್ಯಾಕ್ಟೋಸ್ ಅಸಹಿಷ್ಣುತೆಯು ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವದ ಕೊರತೆಯಿಂದ ಬರುತ್ತದೆ. ಸಲ್ಫೈಟ್‌ಗಳು ಕೆಲವು ಆಸ್ತಮಾ ರೋಗಿಗಳಲ್ಲಿ ಉಬ್ಬಸವನ್ನು ಹೆಚ್ಚಿಸುತ್ತವೆ. ಒಂದೇ ಮನೆಯಲ್ಲಿ ಇಂಥ ಇಬ್ಬರು ಮೂವರಿದ್ದರೆ ಒಬ್ಬರಿಗೆ ಸುರಕ್ಷಿತವಾದ ಡಬ್ಬಿ ಮತ್ತೊಬ್ಬರಿಗೆ ಸುರಕ್ಷಿತವಾಗಿರಲಾರದು.

ಕಾನೂನು

2020ರ ನಿಯಮಗಳ ಪ್ರಕಾರ ಘೋಷಿಸಲೇಬೇಕಾದ ಅಲರ್ಜಿಕಾರಕಗಳು ಇವು:

• ಗೋಧಿ, ರೈ, ಬಾರ್ಲಿ, ಓಟ್ಸ್ ಮುಂತಾದ ಗ್ಲುಟೆನ್ ಉಳ್ಳ ಧಾನ್ಯಗಳು
• ಸಿಗಡಿ, ಏಡಿ ಮುಂತಾದ ಚಿಪ್ಪುಜೀವಿಗಳು
• ಹಾಲು ಮತ್ತು ಹಾಲಿನ ಉತ್ಪನ್ನಗಳು
• ಮೊಟ್ಟೆ
• ಮೀನು
• ಶೇಂಗಾ, ಗೋಡಂಬಿ, ಬಾದಾಮಿ ಮುಂತಾದ ಬೀಜಗಳು
• ಸೋಯಾ ಅವರೆ
• ಕಿಲೋಗ್ರಾಂಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಸಲ್ಫೈಟ್

ಇವುಗಳನ್ನು ‘ಒಳಗೊಂಡಿದೆ’ ಎಂಬ ಅರ್ಥದ ಸಾಲಿನಲ್ಲಿ ಬರೆಯಲಾಗುತ್ತದೆ. ಒಂದೇ ಯಂತ್ರದಲ್ಲಿ ಬೇರೆ ಆಹಾರವೂ ತಯಾರಾಗಿ ಅದರ ಅಂಶ ಬೆರೆಯುವ ಸಂಭವವಿದ್ದರೆ ‘ಒಳಗೊಂಡಿರಬಹುದು’ ಎಂದು ಪ್ರತ್ಯೇಕವಾಗಿ ಸೂಚಿಸಬಹುದು. ಈ ಎರಡನೆಯ ಸಾಲು ಇಲ್ಲದಿರುವುದೇ ಬೆರಕೆಯಾಗಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ‘ಗ್ಲುಟೆನ್ ಮುಕ್ತ’ ಎಂದು ಬರೆಯಬೇಕಾದರೆ ಗ್ಲುಟೆನ್ ಪ್ರಮಾಣವು ಕಿಲೋಗ್ರಾಂಗೆ 20 ಮಿಲಿಗ್ರಾಂ ಮೀರಬಾರದು.

ಪದಾರ್ಥಗಳ ಪಟ್ಟಿಯನ್ನು ತೂಕ ಅಥವಾ ಗಾತ್ರದ ಇಳಿಕೆಯ ಕ್ರಮದಲ್ಲಿ ಕೊಡಬೇಕು. ಹಸಿರು ಚುಕ್ಕೆಯ ಗುರುತು ಆಹಾರವು ಸಸ್ಯಾಹಾರವೆಂಬುದನ್ನು ಮಾತ್ರ ತಿಳಿಸುತ್ತದೆ. ಹಾಲು, ಗೋಧಿ, ಶೇಂಗಾ ಇರುವ ಆಹಾರಕ್ಕೂ ಅದೇ ಗುರುತು ಇರುತ್ತದೆ.

ಘೋಷಣೆಯ ಮಿತಿಗಳು

ಸಾಸಿವೆ ಮತ್ತು ಎಳ್ಳು ಭಾರತದ ಪಟ್ಟಿಯಲ್ಲಿಲ್ಲ. ಐರೋಪ್ಯ ಒಕ್ಕೂಟದ 14 ಅಲರ್ಜಿಕಾರಕಗಳ ಪಟ್ಟಿಯಲ್ಲಿ ಇವೆರಡೂ ಇವೆ. ಅಮೆರಿಕವು 2023ರಿಂದ ಎಳ್ಳನ್ನು ಸೇರಿಸಿಕೊಂಡಿದೆ. ಒಗ್ಗರಣೆ, ಉಪ್ಪಿನಕಾಯಿ, ಗೊಜ್ಜುಗಳಲ್ಲಿ ಈ ಎರಡರ ಬಳಕೆ ಹೆಚ್ಚಾಗಿರುವ ಕರ್ನಾಟಕದಲ್ಲಿ ಇದು ಗಮನಾರ್ಹ ಕೊರತೆ. ಪದಾರ್ಥಪಟ್ಟಿಯಲ್ಲಿ ‘ಮಸಾಲೆ ಪದಾರ್ಥಗಳು’ ಎಂಬ ಒಂದೇ ವರ್ಗನಾಮ ಬಳಸಲು ಅವಕಾಶವಿರುವುದರಿಂದ ಸಾಸಿವೆಯ ಹೆಸರು ಎಲ್ಲಿಯೂ ಕಾಣದಿರಬಹುದು.

ಇಂಗು ಇನ್ನೊಂದು ನಿದರ್ಶನ. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಸಾಮಾನ್ಯವಾಗಿ ಶುದ್ಧ ಇಂಗಲ್ಲ. ಅದಕ್ಕೆ ಗೋಂದಿನ ಜೊತೆ ಗೋಧಿಹಿಟ್ಟು, ಮೈದಾ ಅಥವಾ ಅಕ್ಕಿಹಿಟ್ಟು ಬೆರೆತಿರುತ್ತದೆ. ಮಿಶ್ರ ಪದಾರ್ಥವೊಂದು ಆಹಾರದ ಶೇ. 5ಕ್ಕಿಂತ ಕಡಿಮೆಯಿದ್ದರೆ ಅದರೊಳಗಿನ ಪದಾರ್ಥಗಳನ್ನು ಬಿಡಿಬಿಡಿಯಾಗಿ ಬರೆಯಬೇಕಾಗಿಲ್ಲ. ಹೀಗಾಗಿ ಪದಾರ್ಥಪಟ್ಟಿಯಲ್ಲಿ ‘ಇಂಗು’ ಎಂದಷ್ಟೇ ಇದ್ದರೆ ಸೀಲಿಯಾಕ್ ರೋಗಿಯು ಗೋಧಿಗಾಗಿ ಅಲರ್ಜಿ ಘೋಷಣೆಯ ಸಾಲನ್ನೂ ನೋಡಬೇಕಾಗುತ್ತದೆ. ಸಾಸಿವೆ ಒಗ್ಗದವರಿಗೆ ಘೋಷಣೆಯ ಸಾಲು ನೆರವಾಗದು. ಅವರು ಪದಾರ್ಥಪಟ್ಟಿಯನ್ನೇ ಅವಲಂಬಿಸಬೇಕು.

ಸಂಯೋಜಕಗಳನ್ನು ಹಲವು ಬಾರಿ ಸಂಖ್ಯೆಯಿಂದ ಸೂಚಿಸಲಾಗುತ್ತದೆ. 220ರಿಂದ 228ರವರೆಗಿನವು ಸಲ್ಫೈಟ್ ಗುಂಪಿಗೆ ಸೇರಿವೆ. 330 ಸಿಟ್ರಿಕ್ ಆಮ್ಲ, 300 ಆಸ್ಕಾರ್ಬಿಕ್ ಆಮ್ಲ, 509 ಕ್ಯಾಲ್ಸಿಯಂ ಕ್ಲೋರೈಡ್. ಅಣಬೆಯಂಥ ಬಿಳಿಯ ತರಕಾರಿ ಕಂದಾಗದಿರಲೆಂದು ಸಲ್ಫೈಟ್ ಬಳಸುವುದುಂಟು.

ಸ್ವಂತ ಬ್ರಾಂಡ್ ಮತ್ತು ಬೆಲೆ

ಮಳಿಗೆಯ ಸ್ವಂತ ಬ್ರಾಂಡ್‌ನ ಡಬ್ಬಿಯನ್ನು ಸಾಮಾನ್ಯವಾಗಿ ಬೇರೊಬ್ಬ ತಯಾರಕರು ಸಿದ್ಧಪಡಿಸಿಕೊಡುತ್ತಾರೆ. ಜಾಹೀರಾತಿನ ವೆಚ್ಚ ಕಡಿಮೆಯಾಗುವುದು ಅಗ್ಗದ ಬೆಲೆಗೆ ಒಂದು ಮುಖ್ಯ ಕಾರಣ. ಬೆಲೆ ಕಡಿಮೆಯೆಂಬ ಮಾತ್ರಕ್ಕೆ ಅಲರ್ಜಿಯ ಅಪಾಯ ಹೆಚ್ಚೆಂದು ಹೇಳಲಾಗದು. ಬಟಾಣಿ, ನೀರು, ಉಪ್ಪು ಮಾತ್ರ ಇರುವ ಅಗ್ಗದ ಡಬ್ಬಿಯು ಮಸಾಲೆ ಮತ್ತು ಸಾಸ್ ಸೇರಿದ ದುಬಾರಿ ಡಬ್ಬಿಗಿಂತ ಇಂಥ ಕುಟುಂಬಕ್ಕೆ ಸೂಕ್ತವಾಗಬಹುದು. ಆದರೆ ಬ್ರಾಂಡ್ ಬದಲಾಗದೆಯೇ ತಯಾರಕರು ಬದಲಾಗುವುದುಂಟು. ತಯಾರಕರ ವಿಳಾಸ ಮತ್ತು 14 ಅಂಕಿಗಳ ಪರವಾನಗಿ ಸಂಖ್ಯೆಯಿಂದ ಇದು ತಿಳಿಯುತ್ತದೆ. ಆದ್ದರಿಂದ ಹಳೆಯ ಪರಿಚಯದ ಡಬ್ಬಿಯ ಲೇಬಲ್ಲನ್ನೂ ಪ್ರತಿ ಖರೀದಿಯಲ್ಲಿ ಓದುವುದು ಅಗತ್ಯ.

ದ್ರವದಲ್ಲಿ ತುಂಬಿದ ಆಹಾರಕ್ಕೆ ನಿವ್ವಳ ತೂಕದ ಜೊತೆಗೆ ನೀರು ಬಸಿದ ಮೇಲಿನ ತೂಕವನ್ನೂ ನಮೂದಿಸಬೇಕು. ಎರಡು ಡಬ್ಬಿಗಳ ಬೆಲೆಯನ್ನು ಹೋಲಿಸಲು ಈ ಎರಡನೆಯ ತೂಕವೇ ಸರಿಯಾದ ಆಧಾರ. ಉಬ್ಬಿದ ಅಥವಾ ಸೋರುವ ಡಬ್ಬಿಯನ್ನು ಎಷ್ಟು ಕಡಿಮೆ ಬೆಲೆಗೆ ಸಿಕ್ಕರೂ ಕೊಳ್ಳಬಾರದು, ರುಚಿ ನೋಡಲೂಬಾರದು. ಅದರಲ್ಲಿ ಬಾಟ್ಯುಲಿಸಂ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆದಿರುವ ಸಾಧ್ಯತೆಯಿದೆ.

ಕರ್ನಾಟಕದಲ್ಲಿ

ಶಿವಮೊಗ್ಗದ ವಿನೋಬನಗರದಂಥ ಬಡಾವಣೆಗಳಲ್ಲಿ ತಾಜಾ ತರಕಾರಿ ಸುಲಭವಾಗಿ ದೊರೆಯುವುದರಿಂದ ಡಬ್ಬಿ ತರಕಾರಿಯು ದಿನಬಳಕೆಯ ವಸ್ತುವಲ್ಲ. ಸಿಹಿಜೋಳ, ಅಣಬೆ, ಟೊಮೆಟೊ ತಿರುಳುಗಳಿಗೆ ಅದರ ಬಳಕೆ ಸೀಮಿತ. ಮಲೆನಾಡಿನಲ್ಲಿ ಕಾಯಿಪಲ್ಯ ಕಾಪಿಡುವ ಹಳೆಯ ಕ್ರಮಗಳೂ ಇವೆ. ಹಲಸಿನ ಉಪ್ಪುಸೊಳೆಗೆ ಉಪ್ಪು ಮಾತ್ರ ಸಾಕು. ಸಾಗರ, ಹೊಸನಗರ ಭಾಗದ ಅಪ್ಪೆಮಿಡಿ ಉಪ್ಪಿನಕಾಯಿಯಲ್ಲಿ ಸಾಸಿವೆ ಮುಖ್ಯ ಪದಾರ್ಥ. ಮನೆಯಲ್ಲಿ ತಯಾರಾದುದು ಎಂಬ ಕಾರಣಕ್ಕೆ ಅದು ಎಲ್ಲರಿಗೂ ಒಗ್ಗುತ್ತದೆಂದು ಭಾವಿಸಲಾಗದು. ಒಣ ಕಾಳುಗಳನ್ನು ನೆನೆಸಿ ಬೇಯಿಸಿಕೊಳ್ಳುವುದು ಡಬ್ಬಿಯ ಕಾಳಿಗಿಂತ ಅಗ್ಗ ಮತ್ತು ಅದರಲ್ಲಿ ಸಂಯೋಜಕಗಳ ಪ್ರಶ್ನೆಯೂ ಇಲ್ಲ.

ಕೇಂದ್ರದ ನಿಯಮದಂತೆ ಆಹಾರದ ಲೇಬಲ್‌ನಲ್ಲಿ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು. ಇತರ ಭಾಷೆಗಳು ಐಚ್ಛಿಕ. ರಾಜ್ಯದಲ್ಲಿ ತಯಾರಾಗುವ ಸರಕುಗಳ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು ಕರ್ನಾಟಕ ಸರ್ಕಾರವು 2025ರ ಫೆಬ್ರುವರಿಯಲ್ಲಿ ಆದೇಶಿಸಿತು. ಹೊರರಾಜ್ಯಗಳಲ್ಲಿ ತಯಾರಾದ ಡಬ್ಬಿಗಳಿಗೆ ಈ ಆದೇಶ ಅನ್ವಯಿಸುವುದಿಲ್ಲ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರು ಅಡುಗೆ ಮಾಡುವ ಮನೆಗಳಲ್ಲಿ ಇಂಥ ಡಬ್ಬಿಯ ಎಚ್ಚರಿಕೆಯ ಸಾಲು ಇದ್ದೂ ಇಲ್ಲದಂತಾಗುತ್ತದೆ.

ಇವನ್ನೂ ನೋಡಿ

• ಆಹಾರ ಅಲರ್ಜಿ
• ಸೀಲಿಯಾಕ್ ಕಾಯಿಲೆ
• ಇಂಗು
• ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ