ಸ್ಲೈಡಿನೊಳಗೆ ವೆಬ್‌ಪುಟ: ಪರದೆ ಮೇಲೆ ಪುರಾವೆ ತೋರಿಸೋದು ಹೇಗೆ?

ಮುಂಡಗೋಡ ತಾಲ್ಲೂಕಿನ ಗೋವಿನಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಹಾರಾಡೋದು ಕಂಡಿತು ಅಂದ್ರೆ ಟಿಬೆಟನ್ ಕಾಲೊನಿ ಬಂತು ಅಂತ ಲೆಕ್ಕ. 1966ರಲ್ಲಿ ಶುರುವಾದ ವಸತಿ ಇದು. ಲ್ಹಾಸಾ ಸಮೀಪ 1409ರಲ್ಲಿ ಸ್ಥಾಪನೆಯಾದ ಗಾಂದೆನ್ ಮತ್ತು 1416ರಲ್ಲಿ ಸ್ಥಾಪನೆಯಾದ ಡ್ರೆಪುಂಗ್ ಮಠಗಳು ನಿರಾಶ್ರಿತರ ಜೊತೆ ಬಂದು ಇಲ್ಲಿ ಮತ್ತೆ ತಲೆ ಎತ್ತಿವೆ. ಸುತ್ತಲಿನ ಊರಿನವರಿಗೆ ಇದು 'ಲಾಮಾ ಕ್ಯಾಂಪ್'.

ಇಲ್ಲಿಗೆ ಬರುವವರು ದೇವಾಲಯಗಳ ಜೊತೆಗೆ ನೋಡಲೇಬೇಕಾದದ್ದು ಚರ್ಚೆಯ ಅಂಗಳ. ಒಬ್ಬ ಸನ್ಯಾಸಿ ಕೂತಿರುತ್ತಾರೆ, ಇನ್ನೊಬ್ಬರು ಎದುರು ನಿಂತು ಜೋರಾಗಿ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾರೆ. ಉತ್ತರ ಕೊಟ್ಟರೆ ಮುಗಿಯಲ್ಲ, ಅದಕ್ಕೆ ಕಾರಣ ಕೊಡಬೇಕು. ಕಾರಣ ಸಡಿಲವಾಗಿದ್ದರೆ ಮತ್ತೆ ಚಪ್ಪಾಳೆ, ಮತ್ತೆ ಪ್ರಶ್ನೆ. ಇಲ್ಲಿನ ವಿದ್ಯಾಭ್ಯಾಸದ ಮುಖ್ಯ ಭಾಗವೇ ಇದು.

ಇಂಥ ಊರಿಗೆ ಆಧುನಿಕ ವಿಜ್ಞಾನವೂ ಬಂದಿದೆ. 2013ರ ಜನವರಿಯಲ್ಲಿ 'ಮೈಂಡ್ ಅಂಡ್ ಲೈಫ್' ಸಂಸ್ಥೆಯ ಆರು ದಿನಗಳ ಸಮ್ಮೇಳನ ಡ್ರೆಪುಂಗ್ ಮಠದಲ್ಲೇ ನಡೆಯಿತು. ದಲೈ ಲಾಮಾ ಅವರ ಜೊತೆ ವಿಜ್ಞಾನಿಗಳು ಕೂತು ಮಾತಾಡಿದ್ದನ್ನು ಸಾವಿರಾರು ಸನ್ಯಾಸಿಗಳು ಕೇಳಿದರು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯವೂ ಇಲ್ಲಿನ ಮಠಗಳಲ್ಲಿ ವಿಜ್ಞಾನ ಪಾಠಕ್ಕೆ ಕೈಜೋಡಿಸಿದೆ. ಅದಕ್ಕಾಗಿ ಇಂಗ್ಲಿಷ್ ಮತ್ತು ಟಿಬೆಟನ್ ಎರಡೂ ಭಾಷೆಯಲ್ಲಿ ಪಠ್ಯಗಳು ತಯಾರಾಗಿವೆ.

ಸರಿ, ಇಂಥ ಕೇಳುಗರ ಎದುರು ನಾವು ಪಿಪಿಟಿ ಹಾಕಿ ಮಾತಾಡಬೇಕು ಅಂದ್ಕೊಳ್ಳಿ. ಸ್ಲೈಡಿನಲ್ಲಿ ಯಾವುದೋ ವೆಬ್‌ಸೈಟಿನ ಫೋಟೊ ಅಂಟಿಸಿದ್ದೀವಿ. ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದೇ ಬರುತ್ತೆ: "ಇದು ಈಗಿನದ್ದೇನ್ರೀ, ಹೋದ ವರ್ಷದ್ದೇನ್ರೀ?" ಮಠದಲ್ಲಷ್ಟೇ ಅಲ್ಲ, ರೈತರ ಸಭೆಯಲ್ಲೂ, ಶಾಲೆಯ ಪಾಲಕರ ಸಭೆಯಲ್ಲೂ ಇದೇ ಕಥೆ. ಜೋಳದ ದರವೋ, ಮಳೆಯ ಅಂಕಿಯೋ, ಅತ್ತಿವೇರಿ ಪಕ್ಷಿಧಾಮದಲ್ಲಿ ಈ ವಾರ ಕಂಡ ಹಕ್ಕಿಗಳ ಪಟ್ಟಿಯೋ, ದಿನಾ ಬದಲಾಗುವ ಸಂಗತಿಗೆ ಹಳೇ ಫೋಟೊ ಸಾಕ್ಷಿ ಆಗಲ್ಲ. ಹಾಗಾದ್ರೆ ಆ ಪುಟವನ್ನೇ ಜೀವಂತವಾಗಿ ಸ್ಲೈಡಿನೊಳಗೆ ತರಬಹುದಾ? ತರಬಹುದು. ಆದ್ರೆ ಅದರಲ್ಲಿ ಒಂದೆರಡು ಸೂಕ್ಷ್ಮ ಇದೆ.

ಇದು ಯಾಕೆ ಸುಲಭ ಅಲ್ಲ?

ಪವರ್‌ಪಾಯಿಂಟ್ ಹುಟ್ಟಿದ್ದು 1987ರಲ್ಲಿ, ಮ್ಯಾಕಿಂಟಾಷ್ ಕಂಪ್ಯೂಟರಿಗೆ. ಟಿಮ್ ಬರ್ನರ್ಸ್-ಲೀ ವೆಬ್‌ನ ಮೊದಲ ಪ್ರಸ್ತಾವ ಬರೆದದ್ದು 1989ರಲ್ಲಿ. ಅಂದ್ರೆ ಸ್ಲೈಡು ವೆಬ್‌ಗಿಂತ ಹಿರಿಯ! ಅದರ ಮಾದರಿ ಆ ಕಾಲದ ಓಎಚ್‌ಪಿ ಪ್ರೊಜೆಕ್ಟರಿನ ಪಾರದರ್ಶಕ ಹಾಳೆ. ಒಮ್ಮೆ ಬರೆದರೆ ಬದಲಾಗದ ಹಾಳೆಯದು. ವೆಬ್‌ಪುಟ ಹಾಗಲ್ಲ, ನೋಡಿದಾಗಲೆಲ್ಲ ಸರ್ವರಿನಿಂದ ಹೊಸದಾಗಿ ಬರುತ್ತೆ.

ಇವೆರಡನ್ನೂ ಸೇರಿಸೋಕೆ ವಿಂಡೋಸಿನಲ್ಲಿ ಮೊದಲು ಇದ್ದ ದಾರಿ ಆಕ್ಟಿವ್‌ಎಕ್ಸ್. ಸ್ಲೈಡಿನ ಮೇಲೆ ಪುಟ್ಟ ಬ್ರೌಸರ್ ಒಂದನ್ನು ಕೂರಿಸಿ, ನಾಲ್ಕು ಸಾಲು ಕೋಡ್ ಬರೆದು ವಿಳಾಸ ಕೊಡಬೇಕಿತ್ತು. ಕೋಡ್ ಬರೆಯೋಕೆ ಬಾರದವರ ಕಷ್ಟ ನೋಡಿ ನಮ್ಮ ದೇಶದವರೇ ಆದ ಶ್ಯಾಮ್ ಪಿಳ್ಳೈ 'ಲೈವ್‌ವೆಬ್' ಅನ್ನೋ ಆಡ್-ಇನ್ ಮಾಡಿಕೊಟ್ಟರು. ವಿಳಾಸ ಟೈಪ್ ಮಾಡಿದರೆ ಸಾಕು, ಸ್ಲೈಡ್ ತೆರೆದಾಗ ಪುಟ ಹಾಜರ್. ಜಗತ್ತಿನ ಎಷ್ಟೋ ಮೇಷ್ಟ್ರುಗಳು ಇದನ್ನು ಬಳಸಿದ್ದಾರೆ.

ಆದ್ರೆ ಆ ಕಾಲದ ದಾರಿಗಳೆಲ್ಲ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಜಿನ್ ಮೇಲೆ ನಿಂತಿದ್ದವು. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ಆ ಬ್ರೌಸರಿಗೆ ನಿವೃತ್ತಿ ಕೊಟ್ಟಿತು. ಆಫೀಸ್ 2024ರಿಂದ ಆಕ್ಟಿವ್‌ಎಕ್ಸ್ ತಾನಾಗಿಯೇ ಬಂದ್ ಆಗಿರುತ್ತೆ. ಹಾಗಾಗಿ ಹತ್ತು ವರ್ಷ ಹಳೆಯ ವಿಧಾನ ಹಿಡಿದು ಕೂತರೆ ಹೊಸ ಲ್ಯಾಪ್‌ಟಾಪಿನಲ್ಲಿ ಕೆಲಸ ಆಗದೇ ಇರಬಹುದು.

ಈಗಿನ ದಾರಿಗಳು

1. ಬರೀ ಲಿಂಕ್: ಸ್ಲೈಡಿನಲ್ಲಿ ಒಂದು ಚಿತ್ರ ಇಟ್ಟು ಅದಕ್ಕೆ ಲಿಂಕ್ ಕೊಡಿ. ಒತ್ತಿದರೆ ಪುಟ ಬ್ರೌಸರಿನಲ್ಲಿ ತೆರೆಯುತ್ತೆ. ಆಲ್ಟ್-ಟ್ಯಾಬ್ ಒತ್ತಿ ವಾಪಸ್ ಬನ್ನಿ. ಹಳೇ ಉಪಾಯ ನಿಜ, ಆದ್ರೆ ಕೈಕೊಡೋದು ಕಡಿಮೆ.

2. ವೆಬ್ ವ್ಯೂವರ್: ಪವರ್‌ಪಾಯಿಂಟಿನ ಆಡ್-ಇನ್ಸ್ ಅಂಗಡಿಯಲ್ಲಿ ಈ ಹೆಸರಿನಿಂದ ಹುಡುಕಿದರೆ ಮೈಕ್ರೋಸಾಫ್ಟಿನದೇ ಉಚಿತ ಆಡ್-ಇನ್ ಸಿಗುತ್ತೆ. ಚೌಕದಲ್ಲಿ ವಿಳಾಸ ಹಾಕಿ 'ಪ್ರಿವ್ಯೂ' ಒತ್ತಿ. ಎಚ್‌ಟಿಟಿಪಿಎಸ್ ಇರುವ ಸುರಕ್ಷಿತ ಪುಟಗಳು ಮಾತ್ರ ಇಲ್ಲಿ ಬರುತ್ತವೆ, ಮಾತಾಡುವ ಹೊತ್ತಿನಲ್ಲಿ ಇಂಟರ್‌ನೆಟ್ ಬೇಕೇ ಬೇಕು.

3. ಗೂಗಲ್ ಸ್ಲೈಡ್ಸ್: ಯೂಟ್ಯೂಬ್ ವಿಡಿಯೊ, ಶೀಟ್ಸಿನ ಚಾರ್ಟ್ ಸೇರಿಸಬಹುದು. ಯಾವುದೋ ವೆಬ್‌ಪುಟವನ್ನು ನೇರ ಕೂರಿಸುವ ಸೌಲಭ್ಯ ಇದರೊಳಗೇ ಇಲ್ಲ. ಲಿಂಕೇ ಗತಿ.

4. ರಿವೀಲ್ ಜೆಎಸ್: ಇದು ಎಂಜಿನಿಯರಿಂಗ್ ಓದುವ ಮಕ್ಕಳಿಗೆ. ಇಡೀ ಪ್ರೆಸೆಂಟೇಶನ್ನೇ ಒಂದು ವೆಬ್‌ಪುಟ ಆಗಿರೋದರಿಂದ ಇನ್ನೊಂದು ಪುಟವನ್ನು ಒಳಗೆ ಸೇರಿಸೋದು ಒಂದೇ ಸಾಲಿನ ಕೆಲಸ. ಸ್ವಲ್ಪ ಎಚ್‌ಟಿಎಂಎಲ್ ಗೊತ್ತಿದ್ರೆ ಸಾಕು.

ಕೆಲವು ಪುಟ ಬಾಗಿಲು ತೆರೆಯೋದಿಲ್ಲ, ಯಾಕೆ?

ವೆಬ್ ವ್ಯೂವರಿನಲ್ಲಿ ಗೂಗಲ್ ಮುಖಪುಟದ ವಿಳಾಸ ಹಾಕಿ ನೋಡಿ, ಪುಟ ಬರೋದಿಲ್ಲ. ಬ್ಯಾಂಕುಗಳದ್ದೂ ಹಾಗೇ. ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ, ಆ ಸೈಟೇ ಬೇಡ ಅಂದಿದೆ.

ಕಾರಣ ಹೀಗಿದೆ. ಒಂದು ಪುಟದೊಳಗೆ ಇನ್ನೊಂದು ಪುಟ ತೋರಿಸುವ ಕಿಟಕಿಗೆ ಐಫ್ರೇಮ್ ಅಂತಾರೆ. ಮೋಸಗಾರರು ನಿಮ್ಮ ಬ್ಯಾಂಕಿನ ಪುಟವನ್ನು ಕಣ್ಣಿಗೆ ಕಾಣದಂತೆ ಪಾರದರ್ಶಕ ಮಾಡಿ, ಕೆಳಗೆ 'ಬಹುಮಾನ ಪಡೆಯಿರಿ' ಅನ್ನೋ ಗುಂಡಿ ಇಡಬಹುದು. ನೀವು ಒತ್ತೋದು ಬಹುಮಾನದ ಗುಂಡಿ, ಒತ್ತಿದ ಹಾಗೆ ಆಗೋದು ಬ್ಯಾಂಕಿನ ಗುಂಡಿ. 2008ರಲ್ಲಿ ಇಬ್ಬರು ಭದ್ರತಾ ತಜ್ಞರು ಇದಕ್ಕೆ ಕ್ಲಿಕ್‌ಜ್ಯಾಕಿಂಗ್ ಅಂತ ಹೆಸರಿಟ್ಟರು. ಮರುವರ್ಷವೇ ಬ್ರೌಸರಿನಲ್ಲಿ ತಡೆ ಬಂತು. 'ನನ್ನನ್ನು ಬೇರೆಯವರ ಕಿಟಕಿಯಲ್ಲಿ ತೋರಿಸಬೇಡ' ಅಂತ ಸೈಟು ಹೇಳಿದರೆ ಬ್ರೌಸರ್ ಪಾಲಿಸುತ್ತೆ. ಇದನ್ನು ತಪ್ಪಿಸೋಕೆ ಅಡ್ಡದಾರಿ ಹುಡುಕಬೇಡಿ. ಅಂಥ ಪುಟಕ್ಕೆ ಮೊದಲನೇ ದಾರಿಯೇ ಸರಿ.

ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತೆ. ಸ್ಲೈಡಿನೊಳಗೆ ಪುಟ ತೋರಿಸುವಾಗ ವಿಳಾಸ ಪಟ್ಟಿ ಕಾಣೋದಿಲ್ಲ. ಪುಟ ಎಲ್ಲಿಂದ ಬಂತು ಅನ್ನೋದೇ ಮರೆಯಾಗುತ್ತೆ. ಪುರಾವೆ ಅಂತ ತೋರಿಸಿದ್ದು, ನೋಡುವವರ ಪಾಲಿಗೆ ನಮ್ಮ ಮಾತು ನಂಬಿ ಅಂದಂತೆಯೇ ಆಗುತ್ತೆ. ಅದಕ್ಕೇ ಸ್ಲೈಡಿನ ಕೆಳಗೆ ದಪ್ಪ ಅಕ್ಷರದಲ್ಲಿ ವಿಳಾಸ ಬರೆಯಿರಿ, ಒಂದು ಕ್ಯೂಆರ್ ಕೋಡ್ ಹಾಕಿ. ಕೂತವರು ತಮ್ಮ ಮೊಬೈಲಿನಲ್ಲೇ ತೆಗೆದು ತಾಳೆ ನೋಡಲಿ. ಪುಟ ಜೀವಂತ ಆಗಿದ್ದಕ್ಕೆ ಸಾರ್ಥಕ ಆಗೋದು ಆಗಲೇ.

ಅಕ್ಷರ ಒಡೆಯದಿರಲಿ

ಮುಂಡಗೋಡದಂಥ ಊರಿನಲ್ಲಿ ಒಂದೇ ಸಭೆಗೆ ಕನ್ನಡ, ಟಿಬೆಟನ್, ಇಂಗ್ಲಿಷ್ ಮೂರೂ ಬೇಕಾಗಬಹುದು. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡು ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ಏನಾಗುತ್ತೆ ಅಂತ ನಿಮಗೆ ಗೊತ್ತು: ಪರದೆ ತುಂಬ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಟಿಬೆಟನ್ ಲಿಪಿಯಲ್ಲಿ ನಮ್ಮ ಒತ್ತಕ್ಷರದ ಹಾಗೇ ವ್ಯಂಜನಗಳು ಒಂದರ ಕೆಳಗೊಂದು ಕೂರುತ್ತವೆ. ಸರಿಯಾದ ಫಾಂಟ್ ಇಲ್ಲದಿದ್ದರೆ ಆ ಜೋಡಣೆ ಕಳಚಿಬೀಳುತ್ತೆ. ವೆಬ್‌ಪುಟಕ್ಕೆ ಇಲ್ಲೊಂದು ಅನುಕೂಲ ಇದೆ. ಯೂನಿಕೋಡಿನಲ್ಲಿ ಬರೆದು, ಪುಟದ ಜೊತೆಗೇ ಫಾಂಟ್ ಕಳಿಸುವಂತೆ ಮಾಡಿದ್ದರೆ ಯಾವ ಕಂಪ್ಯೂಟರಿನಲ್ಲೂ ಅಕ್ಷರ ಒಂದೇ ಥರ ಕಾಣುತ್ತೆ. ಸ್ಲೈಡಿಗೂ ಯೂನಿಕೋಡನ್ನೇ ಬಳಸಿ, ಸೇವ್ ಮಾಡುವಾಗ ಫಾಂಟ್ ಒಳಗೇ ಸೇರಿಸುವ ಆಯ್ಕೆ ಹಾಕಿಕೊಳ್ಳಿ.

ಮಳೆಗಾಲದ ಲೆಕ್ಕ

ನಮ್ಮ ಉತ್ತರ ಕನ್ನಡದಲ್ಲಿ ಆಷಾಢದ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹಾಗಾಗಿ ಜೀವಂತ ಪುಟ ಇರುವ ಪ್ರತಿ ಸ್ಲೈಡಿನ ಹಿಂದೆ ಇನ್ನೊಂದು ಸ್ಲೈಡ್ ಇಟ್ಟುಕೊಳ್ಳಿ: ಅದೇ ಪುಟದ ಸ್ಕ್ರೀನ್‌ಶಾಟ್, ಮೂಲೆಯಲ್ಲಿ ತೆಗೆದ ದಿನಾಂಕ ಮತ್ತು ಹೊತ್ತು. ಪುಟದಲ್ಲಿ ಏನಾದರೂ ಚಲಿಸುತ್ತಿದ್ದರೆ ಪವರ್‌ಪಾಯಿಂಟಿನ ಸ್ಕ್ರೀನ್ ರೆಕಾರ್ಡಿಂಗಿನಿಂದ ಅರ್ಧ ನಿಮಿಷದ ವಿಡಿಯೊ ಮಾಡಿಕೊಳ್ಳಿ. ಸಭೆ ನಡೆಯುವ ಕೋಣೆಯಲ್ಲೇ, ಅಲ್ಲಿನ ವೈಫೈಯಲ್ಲೇ ಮೊದಲು ಒಮ್ಮೆ ಓಡಿಸಿ ನೋಡಿ. ಮೊಬೈಲ್ ಹಾಟ್‌ಸ್ಪಾಟ್ ಕೈಯಲ್ಲಿರಲಿ.

ಶಿಕ್ಷಕರಿಗೆ ಒಂದು ಒಳ್ಳೇ ಉದಾಹರಣೆ ಹೇಳ್ತೀನಿ. ನೊಬೆಲ್ ವಿಜೇತ ಭೌತವಿಜ್ಞಾನಿ ಕಾರ್ಲ್ ವೈಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ 'ಫೆಟ್' ಯೋಜನೆಯಲ್ಲಿ ವಿಜ್ಞಾನದ ಪ್ರಯೋಗಗಳು ಉಚಿತವಾಗಿ ಸಿಗುತ್ತವೆ. ಅದರಲ್ಲೊಂದು ಲೋಲಕ. ಗುಂಡಿನ ಭಾರ ಹೆಚ್ಚಿಸಿದರೆ ಲೋಲಕ ಬೇಗ ತೂಗುತ್ತಾ ಅಂತ ಕೇಳಿ. ಹೆಚ್ಚಿನವರು ಹೌದು ಅಂತಾರೆ. ಅವರಲ್ಲೇ ಒಬ್ಬರನ್ನು ಕರೆದು ಪರದೆ ಮೇಲೆ ಭಾರ ಬದಲಿಸೋಕೆ ಹೇಳಿ, ಸಮಯ ಬದಲಾಗೋದಿಲ್ಲ! ಹಗ್ಗದ ಉದ್ದ ಬದಲಿಸಿದಾಗ ಬದಲಾಗುತ್ತೆ. ಫೋಟೊದಲ್ಲಿ ಇದನ್ನು ತೋರಿಸಿದ್ದರೆ ನೀವು ಹೇಳಿದ್ದನ್ನು ನಂಬಬೇಕಿತ್ತು, ಇಲ್ಲಿ ಅವರೇ ಪರೀಕ್ಷಿಸಿದರು. ಫೆಟ್ ಪ್ರಯೋಗಗಳನ್ನು ಒಂದೇ ಫೈಲಾಗಿ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ಓಡುತ್ತವೆ, ಸ್ಲೈಡಿನಿಂದ ಆ ಫೈಲಿಗೆ ಲಿಂಕ್ ಕೊಟ್ಟರಾಯ್ತು.

ಕೊನೆಗೆ, ಎಲ್ಲ ಪುಟವನ್ನೂ ಜೀವಂತ ತೋರಿಸೋ ಹಟ ಬೇಡ. ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಪುಟ ನಾಳೆಗೆ ಬದಲಾಗುತ್ತಾ? ಕೂತವರು ಇದರಲ್ಲಿ ಕೈಯಾಡಿಸಿ ನೋಡಬೇಕಾ? ಇದು ನಿಜವಾ ಅಂತ ಯಾರಾದರೂ ಕೇಳಬಹುದಾ? ಒಂದಕ್ಕಾದರೂ ಹೌದು ಅಂದರೆ ಪುಟವನ್ನೇ ತನ್ನಿ. ಮೂರಕ್ಕೂ ಇಲ್ಲ ಅಂದರೆ ದಿನಾಂಕ ಹಾಕಿದ ಒಂದು ಚಿತ್ರ ಧಾರಾಳ ಸಾಕು.