ಪರದೇಶಿ ಊರಿನವನಾದ ಬಗೆ

ಕಳೆದ ಪುರಸಭೆಯ ಚುನಾವಣೆಯ ಕಾಲದಲ್ಲಿ ನಡೆದ ಸಣ್ಣ ಪ್ರಸಂಗವಿದು. ನಮ್ಮ ಬೀದಿಗೆ ಮತ ಕೇಳಲು ಬಂದ ಉಮೇದುವಾರರಲ್ಲಿ ಒಬ್ಬರು ಮೂವತ್ತು ವರ್ಷಗಳ ಹಿಂದೆ ಬೇರೆ ಸೀಮೆಯಿಂದ ಗಾರೆಯ ಕೆಲಸಕ್ಕೆಂದು ಬಂದು ಇಲ್ಲಿಯೇ ನೆಲೆಸಿದವರು. ಮಾರನೆಯ ದಿನ ಅಧ್ಯಾಪಕರ ಕೊಠಡಿಯಲ್ಲಿ ಅವರ ಮಾತು ಬಂದಾಗ ನಾನು, "ಒಳ್ಳೆಯ ಮನುಷ್ಯರೇನೋ ಸರಿ, ಆದರೆ ನಮ್ಮ ಊರಿನವರಲ್ಲವಲ್ಲ" ಎಂದುಬಿಟ್ಟೆ. ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದ ವಿದ್ಯಾರ್ಥಿಯೊಬ್ಬ ತಲೆ ತಗ್ಗಿಸಿಕೊಂಡೇ ಕೇಳಿದ: "ಎಷ್ಟು ವರ್ಷ ಇದ್ದರೆ ಊರಿನವರಾಗುತ್ತಾರೆ, ಸಾರ್?" ಅವನ ತಂದೆತಾಯಿಗಳೂ ಕೂಲಿಗಾಗಿ ಈ ಊರಿಗೆ ಬಂದವರೆಂಬುದು ಆಮೇಲೆ ನೆನಪಾಯಿತು. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ನುಡಿಯಲ್ಲಿ 'ಪರದೇಶಿ' ಎಂದರೆ ಬೇರೆ ದೇಶದವನೆಂದಷ್ಟೇ ಅರ್ಥವಲ್ಲ. ದಿಕ್ಕುದೆಸೆಯಿಲ್ಲದವನು, ಕೇಳುವವರಿಲ್ಲದವನು ಎಂದೂ ಅರ್ಥ. ನೆಲ ಬಿಟ್ಟು ಬಂದವನಿಗೆ ಆಸರೆಯೂ ತಪ್ಪಿತೆಂದು ನಮ್ಮ ಹಿರಿಯರು ಬಲ್ಲರು. ಅದೇ ನುಡಿಯಲ್ಲಿ 'ಊರು' ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಮನೆಗಳ ಸಮೂಹ ಊರು; ಕಾಲನ್ನು ನೆಲಕ್ಕೆ ಬಲವಾಗಿ ಇಡುವುದೂ ಊರುವುದೇ. ಆ ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾಗ ನನ್ನ ಮನಸ್ಸು ದೂರದ ನಾಡೊಂದರಲ್ಲಿ ಕಾಲೂರಲು ಹೆಣಗಿದ ಒಬ್ಬ ಭಾರತೀಯನ ಕಡೆಗೆ ಹೋಯಿತು. ಅವರ ಹೆಸರು ದಲೀಪ್ ಸಿಂಗ್ ಸೌಂದ್.

ಸೌಂದರು 1899ರಲ್ಲಿ ಪಂಜಾಬಿನ ಛಜ್ಜಲವಡ್ಡಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಪಂಜಾಬ್ ವಿಶ್ವವಿದ್ಯಾನಿಲಯದ ಪದವಿ ಪಡೆದು 1920ರಲ್ಲಿ ಅಮೆರಿಕಕ್ಕೆ ತೆರಳಿದರು. ಹಣ್ಣುಹಂಪಲನ್ನು ಕೆಡದಂತೆ ಡಬ್ಬಿಗಳಲ್ಲಿ ತುಂಬಿಡುವ ವಿದ್ಯೆಯನ್ನು ಕಲಿತು ಹಿಂದಿರುಗಬೇಕೆಂಬುದು ಅವರ ಉದ್ದೇಶ. ಆದರೆ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಗಣಿತ ಅವರನ್ನು ಸೆಳೆದುಕೊಂಡಿತು. 1924ರಲ್ಲಿ ಆ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು.

ಆದರೆ ಪದವಿ ಕೈಗೆ ಬರುವ ಹಿಂದಿನ ವರ್ಷವೇ ಬಾಗಿಲೊಂದು ಮುಚ್ಚಿಹೋಗಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು ಜನಸಾಮಾನ್ಯರ ತಿಳಿವಳಿಕೆಯಲ್ಲಿ 'ಬಿಳಿಯರು' ಅಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತ್ತು. ಪೌರತ್ವಕ್ಕೆ ಅನರ್ಹರಾದವರು ಕ್ಯಾಲಿಫೋರ್ನಿಯದಲ್ಲಿ ಸಾಗುವಳಿಯ ಭೂಮಿ ಕೊಳ್ಳುವಂತಿಲ್ಲವೆಂಬ ಶಾಸನ 1913ರಿಂದಲೇ ಇತ್ತು. 1920ರಲ್ಲಿ ಗೇಣಿಯ ಬಾಗಿಲೂ ಮುಚ್ಚಿತು. ಹೀಗೆ ಗಣಿತದ ಡಾಕ್ಟರು ಇಂಪೀರಿಯಲ್ ಕಣಿವೆಯ ಹತ್ತಿಯ ಹೊಲಗಳಿಗೆ ಬಂದು ಕೂಲಿಯಾಳುಗಳ ಮೇಸ್ತ್ರಿಯಾದರು. ಮೆಕ್ಸಿಕೊ ಗಡಿಯ ಬಳಿಯ ಆ ಕಣಿವೆ ಸಮುದ್ರಮಟ್ಟಕ್ಕಿಂತ ತಗ್ಗಿನ ಮರುಭೂಮಿ. ಕೊಲರಾಡೊ ನದಿಯ ನೀರು ಕಾಲುವೆಯಲ್ಲಿ ಹರಿದು ಬಂದ ಮೇಲೆ ಹಸುರಾದ ನೆಲ. ಅಲ್ಲಿ ಪಂಜಾಬಿನ ರೈತರು ಅನೇಕರಿದ್ದರು. ಬೆವರು ಅವರದು, ಪತ್ರ ಮತ್ತೊಬ್ಬರ ಹೆಸರಿನಲ್ಲಿ.

ಸೌಂದರು ಮುಂದೆ ತಾವೇ ಬೇಸಾಯಕ್ಕಿಳಿದರು. 1928ರಲ್ಲಿ ಜೆಕ್ ವಲಸೆಗಾರರ ಮಗಳೊಬ್ಬಳನ್ನು ಮದುವೆಯಾದರು. ಮುಂದಿನ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಬೆಳೆಗೆ ಬೆಲೆಯಿಲ್ಲದೆ ಸಾಲ ಬೆಳೆಯಿತು. ದಿವಾಳಿ ಪತ್ರ ಬರೆದು ಕೈತೊಳೆದುಕೊಳ್ಳಲು ಕಾನೂನಿನಲ್ಲಿ ಅವಕಾಶವಿತ್ತು. ಅವರು ಹಾಗೆ ಮಾಡದೆ ವರ್ಷಗಟ್ಟಲೆ ದುಡಿದು ಸಾಲ ತೀರಿಸಿದರು. ನನ್ನ ಎಣಿಕೆಯಲ್ಲಿ ಅವರ ರಾಜಕೀಯ ಜೀವನ ಆರಂಭವಾದುದು ಇಲ್ಲಿಯೇ. ಮತದಾನದ ಹಕ್ಕು ಬರುವುದಕ್ಕೆ ಎಷ್ಟೋ ಮೊದಲೇ ಆ ಕಣಿವೆಯ ಅಂಗಡಿಕಾರರು, ಸಾಲ ಕೊಟ್ಟವರು ಅವರನ್ನು ಅಳೆದು ನೋಡಿದ್ದರು.

ಹಕ್ಕು ತಾನಾಗಿ ಬರಲಿಲ್ಲ. 1942ರಲ್ಲಿ ಸೌಂದರು ಇಂಡಿಯ ಅಸೋಸಿಯೇಷನ್ ಆಫ್ ಅಮೆರಿಕದ ಅಧ್ಯಕ್ಷರಾದರು. ಪೂರ್ವ ತೀರದಲ್ಲಿ ಜೆ. ಜೆ. ಸಿಂಗ್ ಮೊದಲಾದವರು ಇದೇ ಕಾರ್ಯಕ್ಕಾಗಿ ಓಡಾಡಿದರು. 1946ರ ಜುಲೈನಲ್ಲಿ ಅಧ್ಯಕ್ಷ ಟ್ರೂಮನ್ ಅವರ ಸಹಿಯೊಂದಿಗೆ ಲೂಸ್-ಸೆಲ್ಲರ್ ಶಾಸನ ಜಾರಿಗೆ ಬಂದಿತು. ವರ್ಷಕ್ಕೆ 100 ಮಂದಿ ಭಾರತೀಯರು ಮಾತ್ರ ವಲಸೆ ಬರಬಹುದೆಂಬ ಕೃಪಣ ಲೆಕ್ಕ ಅದರಲ್ಲಿತ್ತು. ಆದರೆ ಆಗಲೇ ನೆಲೆಸಿದ್ದವರಿಗೆ ಪೌರರಾಗುವ ದಾರಿ ತೆರೆಯಿತು. 1949ರ ಡಿಸೆಂಬರಿನಲ್ಲಿ, ಆ ನೆಲಕ್ಕೆ ಬಂದ ಇಪ್ಪತ್ತೊಂಬತ್ತನೆಯ ವರ್ಷದಲ್ಲಿ, ಸೌಂದರು ಅಮೆರಿಕದ ಪೌರರಾದರು. ಆಗ ಅವರ ವಯಸ್ಸು ಐವತ್ತು.

ಮರುವರ್ಷವೇ ವೆಸ್ಟ್‌ಮೊರ್‌ಲ್ಯಾಂಡ್ ಎಂಬ ಪುಟ್ಟ ಪೇಟೆಯ ನ್ಯಾಯಾಧಿಕಾರಿಯ ಸ್ಥಾನಕ್ಕೆ ನಿಂತರು. ಸಣ್ಣಪುಟ್ಟ ವ್ಯಾಜ್ಯಗಳನ್ನು ತೀರ್ಮಾನಿಸುವ ಈ ಹುದ್ದೆಗೆ ಅಲ್ಲಿ ಜನರೇ ಮತವಿತ್ತು ಆರಿಸುತ್ತಿದ್ದರು. ಸೌಂದರು ಗೆದ್ದರು. ಆದರೆ ಪೌರತ್ವ ಬಂದು ಒಂದು ವರ್ಷ ತುಂಬಿರಲಿಲ್ಲವೆಂಬ ಕಾರಣದಿಂದ ಅವರಿಗೆ ಪೀಠ ದೊರೆಯಲಿಲ್ಲ. ಕೊರತೆ ಬಿದ್ದದ್ದು ಕೆಲವೇ ವಾರಗಳು! ಅವರು ಮುನಿಸಿಕೊಂಡು ಮನೆಯಲ್ಲಿ ಕೂಡಲಿಲ್ಲ. 1952ರಲ್ಲಿ ಮತ್ತೆ ನಿಂತು ಮತ್ತೆ ಗೆದ್ದರು.

ಆ ಚುನಾವಣೆಯ ಸಂಗತಿಯೊಂದನ್ನು ಅವರು 1960ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಒಬ್ಬ ಕುಚೋದ್ಯಗಾರ ಹತ್ತು ಮಂದಿಯ ಎದುರಿನಲ್ಲಿ, ನೀವು ನ್ಯಾಯಾಧಿಕಾರಿಯಾದರೆ ಕೋರ್ಟಿಗೆ ಬರುವ ನಮಗೆಲ್ಲ ರುಮಾಲುಗಳನ್ನು ನೀವೇ ಒದಗಿಸುವಿರೋ, ನಾವೇ ಕೊಂಡು ತರಬೇಕೋ ಎಂದು ಕೇಳಿದನಂತೆ. ತಲೆಯ ಮೇಲೆ ಏನಿದೆಯೆಂಬುದು ತನಗೆ ಮುಖ್ಯವಲ್ಲ, ತಲೆಯ ಒಳಗೆ ಏನಿದೆಯೆಂಬುದಷ್ಟೇ ಮುಖ್ಯವೆಂಬ ಅರ್ಥದ ಉತ್ತರವಿತ್ತು ಸೌಂದರು ನಕ್ಕರಂತೆ. ಮೊದಲು ಕೇಳಿದಾಗ ಇದು ಜಾಣ ಉತ್ತರವೆನಿಸುತ್ತದೆ. ಆದರೆ ಮೂವತ್ತು ವರ್ಷ ಜೊತೆಯಲ್ಲಿ ದುಡಿದ ಮೇಲೂ ಅಂಥ ಪ್ರಶ್ನೆಯನ್ನು ನಗುತ್ತಲೇ ಎದುರಿಸಬೇಕಾದವನ ಮನಸ್ಸಿನಲ್ಲಿ ಏನಾಗಿರಬಹುದು? ನನ್ನ ವಿದ್ಯಾರ್ಥಿಯೂ ತಲೆ ತಗ್ಗಿಸಿ ಅಷ್ಟೇ ವಿನಯದಿಂದ ಕೇಳಿದ್ದ.

ಪೀಠವೇರಿದ ಸೌಂದರು ಆ ಪೇಟೆಯನ್ನು ಕಾಡುತ್ತಿದ್ದ ವೇಶ್ಯಾವಾಟಿಕೆ, ಮಾದಕದ್ರವ್ಯಗಳ ದಂಧೆಗಳ ವಿಷಯದಲ್ಲಿ ನಿಷ್ಠುರರಾಗಿ ನಡೆದುಕೊಂಡರು. ಜೊತೆಗೆ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಘಟಕದಲ್ಲಿ, ಡೆಮಾಕ್ರಟಿಕ್ ಪಕ್ಷದ ಸಮಿತಿಯ ಅಧ್ಯಕ್ಷರಾದರು. ಮತದಾರರ ಹೆಸರು ಬರೆಸುವುದು, ಮನೆಮನೆಗೆ ಹೋಗುವುದು, ಸಭೆಗೆ ಜನ ಕೂಡಿಸುವುದು ಮುಂತಾದ ಕೆಲಸಗಳಲ್ಲಿ ಕೀರ್ತಿಯಿಲ್ಲ. ಆದರೆ ರಾಜಕೀಯದ ಬೇರು ಇಳಿಯುವುದು ಅಲ್ಲಿಯೇ.

1956ರಲ್ಲಿ ರಿವರ್‌ಸೈಡ್ ಮತ್ತು ಇಂಪೀರಿಯಲ್ ಕೌಂಟಿಗಳ ಕ್ಷೇತ್ರದಿಂದ ಪ್ರಜಾಪ್ರತಿನಿಧಿ ಸಭೆಗೆ ನಿಂತರು. ಎದುರಾಳಿ ಜಾಕ್ವೆಲಿನ್ ಕಾಕ್ರನ್, ಶಬ್ದದ ವೇಗವನ್ನು ಮೀರಿ ವಿಮಾನ ಹಾರಿಸಿದ ಮೊದಲ ಮಹಿಳೆ, ಶ್ರೀಮಂತ ಉದ್ಯಮಿಯೊಬ್ಬರ ಪತ್ನಿ. ಆ ವರ್ಷ ಕ್ಯಾಲಿಫೋರ್ನಿಯವೂ ರಿಪಬ್ಲಿಕನ್ ಪಕ್ಷದ ಐಸೆನ್‌ಹೋವರ್ ಅವರತ್ತ ವಾಲಿತ್ತು. ಪ್ರತಿನಿಧಿಯಾಗಲು ಏಳು ವರ್ಷಗಳ ಪೌರತ್ವ ಬೇಕು. ಸೌಂದರಿಗೆ ಅದು ತುಂಬಿದ್ದು ಅದೇ ಡಿಸೆಂಬರಿನಲ್ಲಿ, ಪ್ರಮಾಣವಚನಕ್ಕೆ ಕೆಲವು ದಿನಗಳ ಮುಂಚೆ. ಈ ಸಲ ದಿನಗಳ ಲೆಕ್ಕ ಅವರ ಕಡೆಗಿತ್ತು. ಅಲ್ಪ ಅಂತರದಿಂದ ಗೆದ್ದು, ಅಮೆರಿಕದ ಕಾಂಗ್ರೆಸ್ಸಿನಲ್ಲಿ ಮತಾಧಿಕಾರದೊಡನೆ ಕುಳಿತ ಏಷ್ಯಾಮೂಲದ ಮೊದಲಿಗರಾದರು. ಮೂರು ಅವಧಿಗೆ ಆರಿಸಿ ಬಂದರು. 1962ರಲ್ಲಿ ಪಾರ್ಶ್ವವಾಯು ಬಡಿದು ಆ ವರ್ಷದ ಚುನಾವಣೆಯಲ್ಲಿ ಸೋತರು, 1973ರಲ್ಲಿ ತೀರಿಕೊಂಡರು. ಅಲ್ಲಿಂದೀಚೆಗೆ ಭಾರತೀಯ ಮೂಲದ ಹಲವರು ಆ ಸಭೆಯನ್ನು ಸೇರಿದ್ದಾರೆ. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅವರು 2022ರಲ್ಲಿ ಮಿಷಿಗನ್ನಿನಿಂದ ಆಯ್ಕೆಯಾದರು. ಅವರನ್ನು ಅಲ್ಲಿನವರು ಆರಿಸಿದರೆಂದು ನಾವು ಇಲ್ಲಿ ಹೆಮ್ಮೆಪಡುತ್ತೇವೆ. ಅದೇ ನಾವು ನಮ್ಮ ಬೀದಿಯ ಉಮೇದುವಾರನ ಹುಟ್ಟೂರನ್ನು ವಿಚಾರಿಸುತ್ತೇವೆ.

ನಮ್ಮ ಬೀದಿಯ ಆ ಉಮೇದುವಾರರು ಸೋತರು. ನನ್ನ ಮತವೂ ಅವರಿಗೆ ಬಿದ್ದಿರಲಿಲ್ಲ. ಅದಕ್ಕೆ ಅವರ ಯೋಗ್ಯತೆಯೇ ಕಾರಣವೆಂದು ಪ್ರಾಮಾಣಿಕವಾಗಿ ಹೇಳಲಾರೆ. ಕಳೆದ ವಾರ ತರಗತಿಯಲ್ಲಿ ಸೌಂದರ ಕಥೆ ಹೇಳಿ, ಕೊನೆಗೆ ಆ ಹುಡುಗನಿಗೆ ಎಲ್ಲರೆದುರಿಗೆ ಹೀಗೆಂದೆ: "ಎಷ್ಟು ವರ್ಷವೆಂದು ಕೇಳಿದ್ದೆಯಲ್ಲಪ್ಪ. ಬಂದವನು ಕಾಲೂರಿದ ದಿನವೇ ಅವನ ಭಾಗದ ಕೆಲಸ ಮುಗಿಯಿತು. ಉಳಿದ ವರ್ಷಗಳೆಲ್ಲ ಅದನ್ನು ಒಪ್ಪಿಕೊಳ್ಳಲು ನಮಗೆ ಬೇಕಾದುವು." ಅವನು ಏನೂ ಹೇಳಲಿಲ್ಲ, ಆದರೆ ಆ ದಿನ ತಲೆ ತಗ್ಗಿಸಿರಲಿಲ್ಲ.