ಗೊಂಬೆಯ ಫೋಟೊ ತಿದ್ದಿ, ಬಣ್ಣ ತಿದ್ದಬೇಡಿ

ಮನೆಯಲ್ಲಿ ಕುಳಿತೇ ಗೊಂಬೆಗಳಿಗೆ ಪುಟ್ಟ ಸೀರೆ, ಕುಪ್ಪಸ ಹೊಲಿದು ಮಾರುವ ಹೆಣ್ಣುಮಕ್ಕಳು ಈಗ ನಮ್ಮ ಕಡೆಯೂ ಇದ್ದಾರೆ. ಗಜಗಟ್ಟಲೆ ಬಟ್ಟೆ ಬೇಡ. ಹಳೆಯ ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣದ ತುಣುಕು, ಸೂಜಿ ದಾರ ಇದ್ದರೆ ಸಾಕು. ಕೆಲಸ ಚೆಂದ ಆಗುತ್ತದೆ. ಗೋಳು ಶುರುವಾಗುವುದು ಫೋಟೊ ತೆಗೆದಾಗ! ಕೈಯಲ್ಲಿ ಹಿಡಿದಾಗ ಜೀವಂತ ಕಾಣುವ ಗೊಂಬೆ ಮೊಬೈಲಿನಲ್ಲಿ ಪ್ಲಾಸ್ಟಿಕ್ ತುಂಡಿನಂತೆ ಕಾಣುತ್ತದೆ. ಆಗ ತಿದ್ದಲು ಕೂರುತ್ತೀರಿ. ಒಂದಿಷ್ಟು ಬೆಳಕು, ಒಂದಿಷ್ಟು ನುಣುಪು, ಇನ್ನೊಂದಿಷ್ಟು ಹೊಳಪು... ಎಲ್ಲಿ ನಿಲ್ಲಿಸಬೇಕು ಎಂಬುದೇ ತಿಳಿಯುವುದಿಲ್ಲ ಅಲ್ಲವೇ?

ಲೋಕಾಪುರದ ನಮ್ಮ ಓಣಿಯ ಗೆಳತಿಯೊಬ್ಬಳಿಗೂ ಹೀಗೇ ಆಯಿತು. ಅವಳ ಮಗಳು ಎಣ್ಣೆಗಪ್ಪು ಬಣ್ಣದ ಚೂಟಿ ಹುಡುಗಿ, ಎರಡನೇ ಇಯತ್ತೆ. ಅಂಗಡಿಯ ಗೊಂಬೆಗಳೆಲ್ಲ ಹಾಲಿನಂತೆ ಬೆಳ್ಳಗಿದ್ದವು ಅಂತ ಗೆಳತಿ ಬೆಂಗಳೂರಿನ ಸಂಬಂಧಿಕರ ಕಡೆಯಿಂದ ಕಂದು ಮೈಬಣ್ಣದ, ಮೊಣಕೈ ಮೊಣಕಾಲು ಮಡಚುವ ಗೊಂಬೆ ತರಿಸಿದಳು. ಇಳಕಲ್ ಸೀರೆ ಉಡಿಸಿ, ಮೂಗಿಗೊಂದು ನತ್ತು ಇಟ್ಟಳು. ಹುಡುಗಿ ಅದನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗುವುದು. ಅದನ್ನು ನೋಡಿದವರು ತಮಗೂ ಅಂಥದ್ದೇ ಬೇಕೆಂದರು. ಸರಿ, ಮಾರಾಟಕ್ಕೆ ಫೋಟೊ ತೆಗೆದು, ಬ್ಯೂಟಿ ಫಿಲ್ಟರ್ ಹಾಕಿ, ಮುಖ ಬೆಳ್ಳಗೆ ಮಾಡಿ ಕಳಿಸಿದಳು. ಮಗಳು ಮೊಬೈಲ್ ನೋಡಿ ಕೇಳಿದಳಂತೆ, “ಅವ್ವಾ, ನನ್ನ ಗೊಂಬಿ ಎಲ್ಲಿ ಹೋತು? ಇದು ನನ್ನಂಗ ಇಲ್ಲಲ್ಲ!” “ಬೆಳ್ಳಗ ಇದ್ರ ಮಂದಿ ತಗೋತಾರವಾ” ಅಂದಳು ತಾಯಿ. ಹುಡುಗಿ ಮಾತಾಡಲಿಲ್ಲ. ಆ ರಾತ್ರಿ ಗೊಂಬೆಯನ್ನು ಕಪಾಟಿನ ಮೇಲೆ ಇಟ್ಟು ಮಲಗಿದಳು.

ಈ ಮಾತು ಹೇಳುವಾಗ ಗೆಳತಿಯ ಕಣ್ಣು ತುಂಬಿತ್ತು. “ಹಂಗಾರ ಫೋಟೊ ತಿದ್ದೂದ ಬಿಟ್ಟುಬಿಡಲೇನು?” ಅಂತ ಕೇಳಿದಳು. ಬಿಡಬೇಕಾಗಿಲ್ಲ. ಕ್ಯಾಮೆರಾ ಮಾಡಿದ ತಪ್ಪನ್ನು ತಿದ್ದಿ, ಗೊಂಬೆಯನ್ನು ತಿದ್ದಬೇಡಿ, ಅಷ್ಟೇ.

ಕೀಲುಗೊಂಬೆ ನಮಗೆ ಹೊಸದಲ್ಲ

ಕೈಕಾಲು ತಿರುಗುವ ಗೊಂಬೆ ಅಂದಾಕ್ಷಣ ಬಾರ್ಬಿ ನೆನಪಾಗುತ್ತದೆ. ಅದು ಅಮೆರಿಕದಲ್ಲಿ ಹುಟ್ಟಿದ್ದು 1959ರಲ್ಲಿ. ಆಗ ಕತ್ತು, ಭುಜ, ಸೊಂಟದ ಹತ್ತಿರ ಮಾತ್ರ ತಿರುಗುತ್ತಿತ್ತು. 2015ರಲ್ಲಿ ಬಂದ ‘ಮೇಡ್ ಟು ಮೂವ್’ ಮಾದರಿಗೆ 22 ಕೀಲುಗಳು. ಇನ್ನು ಜಪಾನಿನ ವೋಕ್ಸ್ ಕಂಪನಿ 1999ರಲ್ಲಿ ತಂದ ಸೂಪರ್ ಡಾಲ್ಫಿಯಿಂದ ರಾಳದ ಗೊಂಬೆಗಳ ಹುಚ್ಚು ಹರಡಿತು. ಸುಮಾರು ಎರಡು ಅಡಿ ಎತ್ತರ, ಗೋಲಿಯಂಥ ಕೀಲು, ಒಳಗೆ ಎಲಾಸ್ಟಿಕ್ ದಾರ. ಕಣ್ಣು, ಕೂದಲು ಬದಲಿಸಬಹುದು. ಸಂಗ್ರಹಕಾರರು ಇಂಥದ್ದಕ್ಕೆ ಹತ್ತಾರು ಸಾವಿರ ರೂಪಾಯಿ ಕೊಡುತ್ತಾರೆ ಅಂದರೆ ನಮ್ಮ ಅತ್ತೆಯಂದಿರು ನಂಬಲಿಕ್ಕಿಲ್ಲ!

ಆದರೆ ಕೀಲಿನ ಗೊಂಬೆ ನಮ್ಮಲ್ಲೂ ಇತ್ತು, ತೊಗಲುಗೊಂಬೆ ಅದೇ ತಾನೆ? ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯನ್ನು ಎದುರಿನ ಬೆಳಕಿನಲ್ಲಿ ಫೋಟೊ ತೆಗೆದರೆ ಬಣ್ಣ ಸತ್ತುಹೋಗುತ್ತದೆ. ಅದಕ್ಕೆ ಬೆಳಕು ಹಿಂದಿನಿಂದಲೇ ಬರಬೇಕು, ಪರದೆಯ ಹಿಂದೆ ದೀಪ ಇಟ್ಟಂತೆ. ಪ್ರತಿ ಗೊಂಬೆಗೂ ಅದರದೇ ಬೆಳಕು ಎಂಬುದನ್ನು ಆ ಕಲಾವಿದರು ಮೊಬೈಲು ಹುಟ್ಟುವ ಮೊದಲೇ ಅರಿತಿದ್ದರು.

ತಿದ್ದುವ ಮೊದಲು ಒರೆಸಿ

ಹತ್ತು ನಿಮಿಷ ಕಂಪ್ಯೂಟರಿನಲ್ಲಿ ಧೂಳು ಅಳಿಸುವ ಬದಲು ಒಂದು ನಿಮಿಷ ಮೆತ್ತನೆಯ ಬ್ರಷ್‌ನಿಂದ ಗೊಂಬೆಯನ್ನು ಒರೆಸಿ. ಮೇಕಪ್ ಬ್ರಷ್ ಆದರೂ ನಡೆಯುತ್ತದೆ, ಆದರೆ ಪೌಡರ್ ಹತ್ತಿರಬಾರದು. ನಮ್ಮ ಕಡೆಯ ಧೂಳು ನಿಮಗೆ ಗೊತ್ತೇ ಇದೆ. ಕಣ್ಣಿಗೆ ಕಾಣದ ಕಣ ಫೋಟೊದಲ್ಲಿ ಜೋಳದ ಕಾಳಿನಷ್ಟು ಕಾಣುತ್ತದೆ.

ಬೆಳಕಿಗೆ ಮಧ್ಯಾಹ್ನದ ಬಿಸಿಲು ಬೇಡವೇ ಬೇಡ. ಕಣ್ಣಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ರಾಳದ ಗೊಂಬೆ ಬಿಸಿಲಿಗೆ ಹಳದಿಗಟ್ಟುತ್ತದೆ ಕೂಡ, ಅದು ಮತ್ತೆ ಸರಿಹೋಗುವುದಿಲ್ಲ. ಮುಂಜಾನೆ ಪಡಸಾಲೆಯ ಕಿಟಕಿಯ ಪಕ್ಕ ಇಡಿ. ಕಿಟಕಿಗೆ ತೆಳ್ಳನೆಯ ಬಿಳಿ ಪಂಚೆ ಕಟ್ಟಿ. ಇನ್ನೊಂದು ಬದಿಗೆ ಬಿಳಿ ಹಾಳೆ ನಿಲ್ಲಿಸಿದರೆ ನೆರಳು ಮೆತ್ತಗಾಗುತ್ತದೆ. ಟ್ಯೂಬ್‌ಲೈಟ್ ಮತ್ತು ಕಿಟಕಿ ಎರಡೂ ಸೇರಿದರೆ ಮುಖದ ಒಂದು ಕಡೆ ಹಸಿರು, ಒಂದು ಕಡೆ ನೀಲಿ! ಅದನ್ನು ತಿದ್ದುವುದು ದೊಡ್ಡವರಿಗೂ ಕಷ್ಟ. ಲೈಟ್ ಆರಿಸಿಬಿಡಿ.

ಇಲ್ಲೇ ನನ್ನ ಗೆಳತಿ ಎಡವಿದ್ದು. ಅವಳು ಗೊಂಬೆಯನ್ನು ಸುಣ್ಣ ಬಳಿದ ಗೋಡೆಯ ಮುಂದೆ ನಿಲ್ಲಿಸಿದ್ದಳು. ಬಿಳಿ ಗೋಡೆ ಹೆಚ್ಚು ಕಂಡರೆ ಮೊಬೈಲು “ಬೆಳಕು ಜಾಸ್ತಿಯಾಯಿತು” ಅಂದುಕೊಂಡು ಇಡೀ ಚಿತ್ರವನ್ನೇ ಕಪ್ಪು ಮಾಡುತ್ತದೆ. ಕಂದು ಮುಖದಲ್ಲಿ ಕಣ್ಣು, ಹುಬ್ಬು ಮುಳುಗಿಹೋಗುತ್ತವೆ. ಮುಖ ಕಾಣಲಿಲ್ಲವಲ್ಲ ಅಂತ ಅವಳು ಬೆಳಕು ಏರಿಸಿದ್ದು, ಆಮೇಲೆ ಬ್ಯೂಟಿ ಫಿಲ್ಟರ್. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ ಬೆಳ್ಳಗಾಯಿತು. ಬಣ್ಣದ ಮೇಲಿನ ನಮ್ಮ ವ್ಯಾಮೋಹವೂ ಕೈಗೂಡಿಸಿತು ಅನ್ನಿ, ಸುಳ್ಳೇಕೆ ಹೇಳಬೇಕು?

ಇದಕ್ಕೆ ಮದ್ದು ಮನೆಯಲ್ಲೇ ಇದೆ. ಬೂದು ಬಣ್ಣದ ಫರಸಿ ಕಲ್ಲಿನ ಮೇಲೆ, ಇಲ್ಲವೇ ಅಂಥದ್ದೇ ಬಣ್ಣದ ಬಟ್ಟೆಯ ಮುಂದೆ ಗೊಂಬೆ ಇಡಿ. ತೆರೆಯ ಮೇಲೆ ಗೊಂಬೆಯ ಕೆನ್ನೆಯನ್ನೇ ಬೆರಳಿನಿಂದ ಒತ್ತಿ, ಕ್ಯಾಮೆರಾ ಆ ಕೆನ್ನೆಗೆ ತಕ್ಕ ಬೆಳಕು ಹಿಡಿಯುತ್ತದೆ. ಬ್ಯೂಟಿ ಮೋಡ್ ಆಫ್ ಆಗಿದೆಯೇ ನೋಡಿಕೊಳ್ಳಿ, ಕೆಲವು ಮೊಬೈಲುಗಳಲ್ಲಿ ಅದು ತಾನೇ ಚಾಲೂ ಇರುತ್ತದೆ. ಮತ್ತೊಂದು ಮಾತು, ನಿಂತುಕೊಂಡು ಮೇಲಿನಿಂದ ತೆಗೆಯಬೇಡಿ. ನೆಲಕ್ಕೆ ಕೂತು, ಬೇಕಾದರೆ ಮಲಗಿ, ಗೊಂಬೆಯ ಕಣ್ಣಿನ ಮಟ್ಟಕ್ಕೆ ಮೊಬೈಲು ತನ್ನಿ. ನೋಡಿದವರು ನಕ್ಕರೆ ನಗಲಿ!

ಈಗ ತಿದ್ದೋಣ

ಮೊಬೈಲಿನಲ್ಲಾದರೆ ಗೂಗಲ್‌ನ ಸ್ನ್ಯಾಪ್‌ಸೀಡ್ ಪುಕ್ಕಟೆ ಸಿಗುತ್ತದೆ. ಕಂಪ್ಯೂಟರ್ ಇದ್ದರೆ ಜಿಂಪ್, ಅದಕ್ಕೂ ದುಡ್ಡಿಲ್ಲ. ಫೋಟೊಶಾಪ್‌ಗೆ ದುಡ್ಡು ಕಟ್ಟಲೇಬೇಕೆಂದಿಲ್ಲ. ಮೊದಲು ಮೂಲ ಫೋಟೊದ ಒಂದು ಪ್ರತಿ ಬೇರೆ ಇಡಿ. ತಿದ್ದಿದ್ದು ಹೆಚ್ಚಾಯಿತೋ ಇಲ್ಲವೋ ತಿಳಿಯಲು ಅದೇ ಸಾಕ್ಷಿ.

ಮೊದಲ ಕೆಲಸ ಬಣ್ಣ. ಫೋಟೊ ತೆಗೆಯುವಾಗಲೇ ಒಂದನ್ನು ಗೊಂಬೆಯ ಪಕ್ಕ ಬಿಳಿ ಹಾಳೆ ಇಟ್ಟು ತೆಗೆಯಿರಿ. ವೈಟ್ ಬ್ಯಾಲೆನ್ಸ್‌ಗೆ ಹೋಗಿ, ಡ್ರಾಪರ್ ಗುರುತನ್ನು ಆ ಹಾಳೆಯ ಮೇಲೆ ಇಟ್ಟರೆ ಹಾಳೆ ನಿಜವಾದ ಬಿಳಿಗೆ ಬರುತ್ತದೆ, ಉಳಿದ ಬಣ್ಣಗಳೂ ತಮ್ಮ ಜಾಗಕ್ಕೆ ಬರುತ್ತವೆ. ಅದೇ ಅಳತೆಯನ್ನು ಅದೇ ಬೆಳಕಿನ ಉಳಿದ ಫೋಟೊಗಳಿಗೂ ಹಾಕಿ. ಆಮೇಲೆ ಗೊಂಬೆಯನ್ನು ಕೈಯಲ್ಲಿ ಹಿಡಿದು, ಕಿಟಕಿಯ ಬಳಿ ನಿಂತು, ಫೋಟೊದೊಂದಿಗೆ ಹೋಲಿಸಿ. ಮೊಬೈಲಿನ ‘ನೈಟ್ ಮೋಡ್’ ತೆರೆಯನ್ನು ಹಳದಿ ಮಾಡಿರುತ್ತದೆ, ಅದನ್ನು ತೆಗೆದು ನೋಡಿ.

ಇಳಕಲ್ ಸೆರಗಿನ ಕೆಂಪು ಇದೆಯಲ್ಲ, ಅದು ಕ್ಯಾಮೆರಾಕ್ಕೆ ಜಗಳಗಂಟ ಬಣ್ಣ. ತೋಪ ತೆನಿಯ ಬಿಳಿ ರೇಷ್ಮೆ ಮತ್ತು ಕೆಂಪಿನ ಗಡಿ ಕಲಸಿಹೋಗಿ, ನೇಯ್ಗೆಯೇ ಕಾಣದೆ ಕೆಂಪು ಬಣ್ಣ ಬಳಿದಂತೆ ಕಾಣುತ್ತದೆ. ಫೋಟೊ ತೆಗೆಯುವಾಗಲೇ ಬೆಳಕಿನ ಪಟ್ಟಿಯನ್ನು ತುಸು ಕೆಳಗೆ ಎಳೆಯಿರಿ. ಒಮ್ಮೆ ಹಾರಿಹೋದ ಕೆಂಪನ್ನು ಆಮೇಲೆ ತರಲಾಗದು. ತಿದ್ದುವಾಗ ಸೆಲೆಕ್ಟಿವ್ ಉಪಕರಣದಿಂದ ಸೆರಗಿನ ಮೇಲೆ ಚುಕ್ಕೆ ಇಟ್ಟು, ಅಲ್ಲಿ ಮಾತ್ರ ಬಣ್ಣದ ಗಾಢತೆ ಇಳಿಸಿ. ಇಡೀ ಫೋಟೊಕ್ಕೆ ಇಳಿಸಿದರೆ ಮುಖವೂ ಸಪ್ಪಗಾಗುತ್ತದೆ.

ಕೂದಲಿನ ಹಾರುವ ಎಳೆ, ಉಳಿದ ಧೂಳಿನ ಕಣ, ಹಿಂದಿನ ಬಟ್ಟೆಯ ಸುಕ್ಕು ಇವನ್ನೆಲ್ಲ ಹೀಲಿಂಗ್‌ನಿಂದ ತೆಗೆಯಬಹುದು. ಚಿತ್ರವನ್ನು ದೊಡ್ಡದು ಮಾಡಿಕೊಂಡು ಸಣ್ಣ ಸಣ್ಣ ಚುಕ್ಕೆಯಲ್ಲಿ ಒತ್ತಿ, ಉದ್ದಕ್ಕೆ ಉಜ್ಜಬೇಡಿ. ಮುಖಕ್ಕೆ ನುಣುಪು ಹಾಕುವ ಆಸೆ ಬಿಡಿ. ಕೈಯಿಂದ ಬರೆದ ಹುಬ್ಬಿನ ಒಂದೊಂದು ಎಳೆಗೂ ಸಂಗ್ರಹಕಾರರು ದುಡ್ಡು ಕೊಡುತ್ತಾರೆ, ನುಣುಪು ಮಾಡಿದರೆ ಮೊದಲು ಹೋಗುವುದೇ ಅದು.

ಗೊಂಬೆ ಒಂಟಿಗಾಲಲ್ಲಿ ನಿಲ್ಲಬೇಕೇ, ಕುಣಿಯಬೇಕೇ? ಇದೊಂದು ಮಜದ ಕೆಲಸ. ಮೊಬೈಲನ್ನು ಅಲುಗಾಡದಂತೆ ಡಬ್ಬಿಗೆ ಒರಗಿಸಿ. ಗೊಂಬೆಯನ್ನು ತಂತಿಯಿಂದ ನಿಲ್ಲಿಸಿ ಒಂದು ಫೋಟೊ, ಗೊಂಬೆ ತಂತಿ ಎರಡನ್ನೂ ತೆಗೆದು ಖಾಲಿ ಜಾಗದ್ದು ಇನ್ನೊಂದು. ಜಿಂಪ್‌ನಲ್ಲಿ ಖಾಲಿ ಫೋಟೊ ಕೆಳಗೆ, ಗೊಂಬೆಯದು ಮೇಲೆ ಇಟ್ಟು, ಮೇಲಿನದಕ್ಕೆ ಲೇಯರ್ ಮಾಸ್ಕ್ ಸೇರಿಸಿ, ತಂತಿ ಇರುವ ಕಡೆ ಕಪ್ಪು ಬ್ರಷ್ ಆಡಿಸಿ. ತಂತಿ ಮಾಯ! ಕೆಳಗಿನ ನಿಜವಾದ ಗೋಡೆಯೇ ಕಾಣುವುದರಿಂದ ತೇಪೆ ಹಾಕಿದಂತೆ ಕಾಣುವುದಿಲ್ಲ. ನೆರಳಿನಲ್ಲೂ ತಂತಿ ಇರುತ್ತದೆ, ಅದನ್ನು ಮರೆಯಬೇಡಿ.

ನಿರಿಗೆ ಉಬ್ಬಿ ನಿಂತರೆ ಏನು ಮಾಡುವುದು ಅಂತ ಬಹಳ ಮಂದಿ ಕೇಳುತ್ತಾರೆ. ಗೊಂಬೆ ಸಣ್ಣದಾದರೂ ಸೀರೆಯ ದಪ್ಪ ಸಣ್ಣದಾಗುವುದಿಲ್ಲವಲ್ಲ, ಅದಕ್ಕೇ ಉಬ್ಬುತ್ತದೆ. ಫೋಟೊದಲ್ಲಿ ಒಳಗೆ ತಳ್ಳಿದರೆ ಅಂಚಿನ ನೇರ ಗೆರೆಗಳು ಹಾವಿನಂತೆ ಡೊಂಕಾಗಿ ನಿಮ್ಮ ಕಳ್ಳತನ ಹೇಳಿಬಿಡುತ್ತವೆ. ನಿರಿಗೆ ಮಾಡಿ, ನೀರು ಚಿಮುಕಿಸಿ, ದಾರ ಕಟ್ಟಿ ರಾತ್ರಿಯಿಡೀ ಭಾರ ಹೇರಿ ಇಡಿ. ಬೆಳಿಗ್ಗೆ ಉಡಿಸಿ.

ಇದನ್ನು ಮಾತ್ರ ಅಳಿಸಬೇಡಿ

ಕಡು ಬಣ್ಣದ ಬಟ್ಟೆ ತಿಂಗಳುಗಟ್ಟಲೆ ಮೈಗಂಟಿದ್ದರೆ ಬಣ್ಣ ಗೊಂಬೆಯ ಮೈಗೆ ಇಳಿಯುತ್ತದೆ. ವಿನೈಲ್ ಇರಲಿ, ರಾಳ ಇರಲಿ, ಹತ್ತಿದ ಕಲೆ ಸುಲಭಕ್ಕೆ ಹೋಗದು. ಬಟ್ಟೆಯನ್ನು ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು, ಒಳಗೆ ತೆಳ್ಳನೆಯ ಬಿಳಿ ಅಸ್ತರು ಕೊಟ್ಟು ಹೊಲಿಯಿರಿ. ನಾನೇ ಒಮ್ಮೆ ಬುದ್ಧಿ ಕೆಟ್ಟು, ಕುತ್ತಿಗೆಯ ಕೆಂಪು ಕಲೆಯನ್ನು ಫೋಟೊದಲ್ಲಿ ಅಳಿಸಿ ಹಳೆಯ ಗೊಂಬೆಯೊಂದನ್ನು ಮಾರಿದ್ದೆ. ಕೊಂಡವರು ಜಗಳ ಆಡಲಿಲ್ಲ. ಕಲೆಯ ಫೋಟೊ ತೆಗೆದು, ಒಂದು ಮಾತೂ ಬರೆಯದೆ ಕಳಿಸಿದರು. ದುಡ್ಡು ವಾಪಸು ಕೊಟ್ಟೆ, ಕೊರಿಯರ್ ಖರ್ಚೂ ನನ್ನದೇ. ಆದರೆ ಅವರು ಮತ್ತೆಂದೂ ನನ್ನ ಹತ್ತಿರ ಏನೂ ಕೊಳ್ಳಲಿಲ್ಲ.

ಕಲೆ, ಬಿರುಕು, ಸಡಿಲ ಕೀಲು, ಹಳದಿಗಟ್ಟಿದ ಕೈ, ಅಚ್ಚಿನ ಗೆರೆ ಇವು ಗೊಂಬೆಯವೇ. ಮಾರುವ ಫೋಟೊದಲ್ಲಿ ಇವನ್ನು ಬಿಡಿ. ಬೇಕಾದರೆ ಹತ್ತಿರದಿಂದ ಇನ್ನೊಂದು ಫೋಟೊ ತೆಗೆದು “ಇಲ್ಲಿ ಕಲೆ ಐತಿ” ಅಂತ ನೀವೇ ತೋರಿಸಿ. ಗೋಡೆಗೆ ಹಾಕಲು, ಗೆಳತಿಯರಿಗೆ ತೋರಿಸಲು ತೆಗೆದ ಫೋಟೊ ಆದರೆ ಆಕಾಶಕ್ಕೆ ಚಂದ್ರನನ್ನೂ ಅಂಟಿಸಿ, ಗೊಂಬೆಗೆ ರೆಕ್ಕೆಯನ್ನೂ ಕೊಡಿ, ಕೇಳುವವರಿಲ್ಲ!

ಮೈಬಣ್ಣದ ಮಾತಿಗೆ ಬಂದರೆ, ‘ಬ್ಲ್ಯಾಕ್ ಬಾರ್ಬಿ’ ಎಂಬ ಹೆಸರಿನಲ್ಲೇ ಕಪ್ಪು ಗೊಂಬೆ ಬಂದದ್ದು 1980ರಲ್ಲಿ, ಬಾರ್ಬಿ ಹುಟ್ಟಿ 21 ವರ್ಷಕ್ಕೆ. 2016ರಲ್ಲಿ ಅದೇ ಕಂಪನಿ ಏಳು ಮೈಬಣ್ಣಗಳ ಗೊಂಬೆ ತಂದಿತು. ಅಷ್ಟು ದೂರದಿಂದ ಹುಡುಕಿ ತರಿಸಿದ ಕಂದು ಬಣ್ಣವನ್ನು ನಾವು ಒಂದು ಬೆರಳಿನಲ್ಲಿ ಅಳಿಸಿಬಿಡುವುದೇ?

ಗೆಳತಿ ಫೋಟೊ ಮತ್ತೆ ತೆಗೆದಳು. ಈ ಸಲ ಫರಸಿಯ ಮೇಲೆ, ಕಿಟಕಿಯ ಬೆಳಕಿನಲ್ಲಿ. ಹಾಳೆ ಹಿಡಿದು ನಿಂತದ್ದು ಮಗಳೇ. ತಿದ್ದುವಾಗಲೂ ತಾಯಿಯ ತೊಡೆಯ ಮೇಲೆ ಕೂತು, “ಇನ್ನೊಂಚೂರು ಕರ್ರಗ ಮಾಡವಾ, ನನ್ನ ಕೈ ನೋಡು” ಅಂತ ತನ್ನ ಕೈಯನ್ನೇ ಮೊಬೈಲಿನ ಪಕ್ಕ ಇಟ್ಟಳಂತೆ. ಮೊದಲ ಫೋಟೊ ನೋಡಿ ಕೇಳಿದ್ದ ಇಬ್ಬರಲ್ಲಿ ಒಬ್ಬರು ಬೇಡ ಅಂದರು, ಇನ್ನೊಬ್ಬರು ಎರಡು ಬೇಕೆಂದರು.

ಕೊನೆಗೆ ಕಳಿಸುವಾಗ ಒಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಕಸೂತಿಯ ಎಳೆ ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಅಂತ ಕಳಿಸಿ. ಜೊತೆಗೆ ತಿದ್ದದೇ ಇರುವ ಒಂದು ಫೋಟೊವನ್ನೂ ಸೇರಿಸಿ.